ತಟ್ಟೆ ತಿರುಗಿಸಿದ ಮೇಷ್ಟ್ರು: ರೆನಾಲ್ಡ್ ಜಾನ್ಸನ್

ಹಾರ್ಡ್ ಡಿಸ್ಕ್‌ನ ಪಿತಾಮಹ ಅನ್ನಿಸಿಕೊಂಡ ರೆನಾಲ್ಡ್ ಜಾನ್ಸನ್ ಮೊದಲಿಗೆ ಹೈಸ್ಕೂಲ್ ಮೇಷ್ಟ್ರು. 1906ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಹುಟ್ಟಿದರು. ಹುಡುಗನಾಗಿದ್ದಾಗ, ಮನೆಯ ಹೆಣ್ಣುಮಕ್ಕಳನ್ನು ನೋಡೋಕೆ ಬರ್ತಿದ್ದ ಹುಡುಗರ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್ ಗೀಚಿ ಬಿಡ್ತಿದ್ದರಂತೆ. ಕರೆಂಟೆಲ್ಲ ಆ ಗೆರೆಯಲ್ಲೇ ಹರಿದು ಕಿಡಿ ಹಾರುತ್ತಿರಲಿಲ್ಲ, ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಮುಂದೆ ಮಿಚಿಗನ್‌ನಲ್ಲಿ ಪಾಠ ಮಾಡುವಾಗ ಇದೇ ಕಿತಾಪತಿಯಿಂದ ಉತ್ತರಪತ್ರಿಕೆ ತಿದ್ದುವ ಯಂತ್ರ ಹುಟ್ಟಿತು. ನಮ್ಮ ಸಿಇಟಿಯ ಓಎಂಆರ್ ಶೀಟಿಗೆ ಅದು ಅಜ್ಜ ಅನ್ನಬಹುದು. ಅದರಿಂದಲೇ 1934ರಲ್ಲಿ ಐಬಿಎಂ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು.

1952ರಲ್ಲಿ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಕಳಿಸಿತು, ಹೊಸ ಲ್ಯಾಬ್ ಕಟ್ಟೋಕೆ. ಆಗ ಲೆಕ್ಕಪತ್ರವೆಲ್ಲ ಪಂಚ್ ಕಾರ್ಡ್‌ನಲ್ಲಿ. ಒಂದೇ ಒಂದು ದಾಖಲೆ ಬೇಕೆಂದರೂ ಕಾರ್ಡಿನ ರಾಶಿಯನ್ನೇ ಸೋಸಬೇಕು. ತಿರುಗುವ ತಟ್ಟೆಯಾದರೆ ಬೇಕಾದ ಜಾಗಕ್ಕೆ ನೇರ ಹೋಗಬಹುದು ಎಂದು ಜಾನ್ಸನ್ ತಂಡ ಹೊರಟಿತು. ತಟ್ಟೆಗೆ ಕಬ್ಬಿಣದ ಆಕ್ಸೈಡ್ ಬಣ್ಣ ಸಮವಾಗಿ ಕೂರಬೇಕಲ್ಲ. ಕಾಲುಚೀಲದ ತೆಳು ಬಟ್ಟೆಯಲ್ಲಿ ಸೋಸಿ, ತಿರುಗುವ ತಟ್ಟೆಯ ನಡುವೆ ಸುರಿದರು. ಹೆಡ್ ತಟ್ಟೆಗೆ ತಾಗಿದರೆ ಕೆಟ್ಟಿತು, ಅದಕ್ಕೆ ಗಾಳಿ ಊದಿ ತೇಲಿಸಿದರು.

1956ರಲ್ಲಿ ಹೊರಬಂದ ರಾಮಾಕ್‌ನ ಡಿಸ್ಕ್ ಘಟಕದಲ್ಲಿ 24 ಇಂಚಿನ 50 ತಟ್ಟೆಗಳು, ಹಿಡಿಸಿದ್ದು 50 ಲಕ್ಷ ಅಕ್ಷರ. ನಿಮಿಷಕ್ಕೆ 1200 ಸುತ್ತು, ಅಂದರೆ ಸುತ್ತಿಗಾಗಿ ಕಾಯೋದು ಸರಾಸರಿ 25 ಮಿಲಿಸೆಕೆಂಡ್. ಆದರೆ ಮಾಹಿತಿ ತಲುಪೋಕೆ ಸರಾಸರಿ 600 ಮಿಲಿಸೆಕೆಂಡ್! ಉಳಿದದ್ದು ಎಲ್ಲಿ ಹೋಯ್ತು? ಹೆಡ್ ಹೊತ್ತ ತೋಳು ಲಿಫ್ಟ್ ತರಹ ಮೇಲೆ ಕೆಳಗೆ, ಒಳಗೆ ಹೊರಗೆ ಓಡಾಡೋದ್ರಲ್ಲಿ.

ಎಸ್‌ಎಸ್‌ಡಿಗೆ ದುಡ್ಡು ಸಾಲದೆ ಹೊಸ ಹಾರ್ಡ್ ಡಿಸ್ಕ್ ಹಾಕುವ ನಮ್ಮಂಥ ಹಾಸ್ಟೆಲ್ ಮಂದಿಗೂ ತಲೆನೋವು ಇದೇ ತೋಳು. ಈಗಿನ 7200 ಆರ್‌ಪಿಎಂ ಡಿಸ್ಕ್‌ನಲ್ಲಿ ಸುತ್ತಿಗಾಗಿ ಕಾಯೋದು ಸರಾಸರಿ 4 ಮಿಲಿಸೆಕೆಂಡ್ ಚಿಲ್ಲರೆ. ತೋಳಿನ ಓಡಾಟಕ್ಕೆ ಅದಕ್ಕಿಂತ ಜಾಸ್ತಿ. ಆದ್ದರಿಂದ ಓಎಸ್ ಮೊದಲ ಪಾರ್ಟಿಷನ್‌ನಲ್ಲಿರಲಿ. ಅದು ತಟ್ಟೆಯ ಹೊರ ಅಂಚು, ಒಂದು ಸುತ್ತಿಗೆ ಅಲ್ಲಿ ಹೆಚ್ಚು ಡೇಟಾ ಸಿಗುತ್ತೆ. (ರಾಮಾಕ್‌ನಲ್ಲಿ ಈ ಲಾಭ ಇರಲಿಲ್ಲ, ಒಳ ಸುತ್ತು ಹೊರ ಸುತ್ತು ಎರಡಕ್ಕೂ ಅಷ್ಟೇ ಅಕ್ಷರ.) ಓಎಸ್ ಹಾಕೋ ಮುಂಚೆಯೇ ಬಯಾಸ್‌ನಲ್ಲಿ ಎಎಚ್‌ಸಿಐ ಆನ್ ಮಾಡಿ. ಆಗ ಡಿಸ್ಕ್ ಬಂದ ಕೋರಿಕೆಗಳನ್ನು ದಾರಿಗೆ ತಕ್ಕಂತೆ ಜೋಡಿಸಿಕೊಂಡು ಓಡುತ್ತೆ. ಹಳೇ ಟೂಲ್‌ನಲ್ಲಿ ಪಾರ್ಟಿಷನ್ ಮಾಡಿದರೆ ಅದು 63ನೇ ಸೆಕ್ಟರ್‌ನಿಂದ ಶುರುವಾಗಬಹುದು. 4096 ಬೈಟ್ ಸೆಕ್ಟರ್‌ನ ಡಿಸ್ಕ್‌ಗೆ ಅದು ಹೊಂದಲ್ಲ, ಬರೆಯೋಕೆ ಮುಂಚೆ ಓದಿ, ಇನ್ನೊಂದು ಸುತ್ತು ಕಾದು, ಆಮೇಲೆ ಬರೆಯಬೇಕಾಗುತ್ತೆ. 2048ರಿಂದ ಶುರುವಾದರೆ ಸರಿ. ಸ್ಕ್ರೂ ನಾಲ್ಕೂ ಹಾಕಿ. ಅಲುಗಾಡಿದರೆ ಹೆಡ್ ದಾರಿ ತಪ್ಪುತ್ತೆ. ರಾಮಾಕ್‌ನಲ್ಲಿ ಹೆಡ್ಡಿಗೂ ತಟ್ಟೆಗೂ 20 ಮೈಕ್ರಾನ್‌ನಷ್ಟು ಅಂತರವಿತ್ತು, ಈಗ ಕೆಲವೇ ನ್ಯಾನೋಮೀಟರ್.

ಜಾನ್ಸನ್ 1971ರಲ್ಲಿ ನಿವೃತ್ತರಾದರು, ಹೆಸರಿನಲ್ಲಿ 90ಕ್ಕೂ ಹೆಚ್ಚು ಪೇಟೆಂಟ್. 1986ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಬಂತು. ಮೇಷ್ಟ್ರುತನ ಮಾತ್ರ ಬಿಟ್ಟಿರಲಿಲ್ಲ. ನಿವೃತ್ತಿಯ ನಂತರ ಮಕ್ಕಳಿಗಾಗಿ ಮಾತಾಡುವ ಪುಸ್ತಕದ ತಂತ್ರ ರೂಪಿಸಿದರು. 1998ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡರು.