ಲಾರಿಯ ಹೊಟ್ಟೆಯಡಿ ಅಡಗಿರುವ ವಿಜ್ಞಾನಿ – ರಾಬರ್ಟ್ ಹುಕ್

ಮಕ್ಕಳೇ, ಗ್ಯಾರೇಜಿನಲ್ಲಿ ದುರಸ್ತಿಗೆ ನಿಂತ ಲಾರಿಯನ್ನು ದೂರದಿಂದ ಬಗ್ಗಿ ನೋಡಿದ್ದೀರಾ? ಅದರ ಹೊಟ್ಟೆಯಡಿ ಎರಡು ವಸ್ತುಗಳು ಎದ್ದು ಕಾಣುತ್ತವೆ. ಒಂದು, ಹಿಂದಿನ ಚಕ್ರಗಳ ಅಚ್ಚಿನ ಬಳಿ ಬಿಲ್ಲಿನಂತೆ ಬಾಗಿರುವ ಉಕ್ಕಿನ ಪಟ್ಟಿಗಳ ಕಟ್ಟು. ಇದು ಸ್ಪ್ರಿಂಗ್. ಇನ್ನೊಂದು, ಗೇರ್ ಪೆಟ್ಟಿಗೆಯಿಂದ ಹಿಂದಿನ ಅಚ್ಚಿನವರೆಗೆ ಚಾಚಿಕೊಂಡ ಉದ್ದನೆಯ ದಂಡ. ಇದನ್ನು ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಸ್ಪ್ರಿಂಗ್ ಭಾರವನ್ನು ಹೊತ್ತು ಕುಲುಕಾಟವನ್ನು ತಗ್ಗಿಸುತ್ತದೆ. ದಂಡವು ತಿರುಗುತ್ತಾ ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ಮುಟ್ಟಿಸುತ್ತದೆ.

ಈ ಎರಡರ ಹಿಂದೆಯೂ ಒಬ್ಬನೇ ವಿಜ್ಞಾನಿಯ ವಿಚಾರಗಳಿವೆ ಎಂದರೆ ನಂಬುತ್ತೀರಾ? ಅವನು ಬದುಕಿದ್ದು ಲಾರಿ, ಕಾರು, ರೈಲು ಯಾವುದೂ ಇಲ್ಲದ ಕಾಲದಲ್ಲಿ. ಅವನೇ ಇಂಗ್ಲೆಂಡಿನ ರಾಬರ್ಟ್ ಹುಕ್. ಜೀವಕೋಶದ ಪಾಠದಲ್ಲಿ ಈ ಹೆಸರನ್ನು ನೀವು ಓದಿರುತ್ತೀರಿ. ಈಗ ಅವನ ಬದುಕಿನ ಇನ್ನೊಂದು ಮುಖವನ್ನು ತಿಳಿಯೋಣ.

ಮರದ ಗಡಿಯಾರ ಮಾಡಿದ ಹುಡುಗ

ಹುಕ್ ಹುಟ್ಟಿದ್ದು 1635ರ ಜುಲೈ 18ರಂದು. ಊರು ಇಂಗ್ಲೆಂಡಿನ ದಕ್ಷಿಣದಲ್ಲಿರುವ ವೈಟ್ ದ್ವೀಪದ ಫ್ರೆಶ್‌ವಾಟರ್. ತಂದೆ ಜಾನ್ ಹುಕ್ ಚರ್ಚಿನಲ್ಲಿ ಪಾದ್ರಿ. ಹುಡುಗನಿಗೆ ಸದಾ ಅನಾರೋಗ್ಯ. ಪದೇ ಪದೇ ತಲೆನೋವು ಬರುತ್ತಿದ್ದುದರಿಂದ ಓದು ಮುಂದುವರಿಯಲಿಲ್ಲ. ಆದರೆ ಕೈಗಳು ಸುಮ್ಮನಿರಲಿಲ್ಲ. ಒಮ್ಮೆ ಹಳೆಯ ಹಿತ್ತಾಳೆ ಗಡಿಯಾರವೊಂದನ್ನು ಬಿಚ್ಚುವುದನ್ನು ಅವನು ನೋಡಿದನು. ನೋಡಿದ್ದನ್ನು ನೆನಪಿಟ್ಟುಕೊಂಡು ಮರದಲ್ಲೇ ಗಡಿಯಾರ ಮಾಡಿದನು. ಅದು ಓಡಿತು ಕೂಡ!

1648ರಲ್ಲಿ ತಂದೆ ತೀರಿಕೊಂಡರು. ಆಗ ಹುಕ್‌ಗೆ 13 ವರ್ಷ. ತಂದೆ ಬಿಟ್ಟುಹೋದ ಅಲ್ಪ ಹಣದೊಂದಿಗೆ ಅವನು ಲಂಡನ್ ಸೇರಿದನು. ಮೊದಲು ಚಿತ್ರಕಾರನೊಬ್ಬನ ಬಳಿ ಸ್ವಲ್ಪ ಕಾಲ ಇದ್ದು, ಬಳಿಕ ವೆಸ್ಟ್‌ಮಿನ್ಸ್ಟರ್ ಶಾಲೆಯಲ್ಲಿ ಕಲಿತನು. ಅಲ್ಲಿ ಯೂಕ್ಲಿಡನ ರೇಖಾಗಣಿತ ಅವನಿಗೆ ಬಹಳ ಹಿಡಿಸಿತು. ಮುಂದೆ ಆಕ್ಸ್‌ಫರ್ಡಿನಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿಗೆ ಸಹಾಯಕನಾದನು. ಬಾಯ್ಲ್‌ನ ಗಾಳಿಯ ಪ್ರಯೋಗಗಳಿಗೆ ಬೇಕಾದ ಪಂಪನ್ನು ರೂಪಿಸಿದವನು ಹುಕ್.

ವಾರ ವಾರವೂ ಹೊಸ ಪ್ರಯೋಗ

1660ರಲ್ಲಿ ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಆರಂಭವಾಯಿತು. 1662ರಲ್ಲಿ ಹುಕ್ ಅದರ ಪ್ರಯೋಗಗಳ ಮೇಲ್ವಿಚಾರಕನಾದನು. ಪ್ರತಿ ವಾರದ ಸಭೆಯಲ್ಲೂ ಮೂರು ನಾಲ್ಕು ಪ್ರಯೋಗಗಳನ್ನು ಮಾಡಿ ತೋರಿಸುವುದು ಅವನ ಕೆಲಸ. ಎಷ್ಟು ಕಷ್ಟವಿರಬಹುದು, ಯೋಚಿಸಿ! ಹುಕ್ ಅದನ್ನು ವರ್ಷಗಟ್ಟಲೆ ಮಾಡಿದನು.

1665ರಲ್ಲಿ ಅವನ ಮೈಕ್ರೋಗ್ರಾಫಿಯಾ ಎಂಬ ಪುಸ್ತಕ ಹೊರಬಂತು. ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನು, ನೊಣದ ಕಣ್ಣು ಮುಂತಾದವುಗಳ ಚಿತ್ರಗಳು ಅದರಲ್ಲಿದ್ದವು. ಬೆಂಡಿನ ತೆಳುವಾದ ಚೂರಿನಲ್ಲಿ ಕಂಡ ಪುಟ್ಟ ಕೋಣೆಗಳಿಗೆ ಅವನು ಸೆಲ್ ಎಂದು ಹೆಸರಿಟ್ಟನು. ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಅದೇ ಹೆಸರು.

1666ರಲ್ಲಿ ಲಂಡನ್ನಿನಲ್ಲಿ ಭಾರೀ ಬೆಂಕಿ ಬಿದ್ದು 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ನಗರವನ್ನು ಮತ್ತೆ ಕಟ್ಟುವಾಗ ಬೀದಿ, ನಿವೇಶನಗಳನ್ನು ಅಳೆದು ಗುರುತಿಸಿದವರಲ್ಲಿ ಹುಕ್ ಮುಖ್ಯನಾಗಿದ್ದನು. ಬೆಂಕಿಯ ನೆನಪಿಗೆ ಅವನೂ ಕ್ರಿಸ್ಟೋಫರ್ ರೆನ್ ಎಂಬ ವಾಸ್ತುಶಿಲ್ಪಿಯೂ ಸೇರಿ ರೂಪಿಸಿದ 202 ಅಡಿ ಎತ್ತರದ ಕಂಬ 1677ರಲ್ಲಿ ಪೂರ್ಣಗೊಂಡಿತು. ಅದು ಈಗಲೂ ನಿಂತಿದೆ.

ಸ್ಪ್ರಿಂಗಿನ ನಿಯಮ

ಹುಕ್ ಸ್ಪ್ರಿಂಗುಗಳಿಗೆ ತೂಕ ನೇತುಹಾಕಿ ಅವು ಎಷ್ಟು ಹಿಗ್ಗುತ್ತವೆ ಎಂದು ಅಳೆದನು. ತೂಕ ಎರಡರಷ್ಟಾದರೆ ಹಿಗ್ಗುವಿಕೆಯೂ ಎರಡರಷ್ಟು, ಮೂರರಷ್ಟಾದರೆ ಮೂರರಷ್ಟು. ಮಿತಿ ಮೀರಿ ಎಳೆಯದಿದ್ದರೆ ಈ ಲೆಕ್ಕ ತಪ್ಪುವುದಿಲ್ಲ. ಇದೇ ಹುಕ್‌ನ ನಿಯಮ.

ಬೇರೆಯವರು ಇದನ್ನು ತಮ್ಮದೆಂದು ಹೇಳಿಬಿಟ್ಟರೆ ಎಂಬ ಅಂಜಿಕೆ ಅವನಿಗಿತ್ತು. ಆದ್ದರಿಂದ 1676ರಲ್ಲಿ ನಿಯಮದ ಅಕ್ಷರಗಳನ್ನು ಕಲಸಿ ಒಗಟಿನಂತೆ ಅಚ್ಚುಹಾಕಿಸಿದನು! ಒಗಟನ್ನು ಬಿಡಿಸಿ ವಿವರಿಸಿದ್ದು 1678ರಲ್ಲಿ. ಶಾಲೆಯ ಸ್ಪ್ರಿಂಗ್ ತಕ್ಕಡಿಯಲ್ಲಿ ಗೆರೆಗಳು ಸಮಾನ ಅಂತರದಲ್ಲಿ ಇರುವುದು ಈ ನಿಯಮದಿಂದಲೇ.

ಬಾಗಿ ತಿರುಗುವ ಕೀಲು

ಈಗ ದಂಡದ ಕತೆಗೆ ಬರೋಣ. ಒಂದು ದಂಡ ತಿರುಗುತ್ತಿದೆ. ಅದು ಓರೆಯಾಗಿರುವ ಇನ್ನೊಂದು ದಂಡವನ್ನು ತಿರುಗಿಸಬೇಕು. ಹೇಗೆ? ಎರಡು ದಂಡಗಳ ತುದಿಗೂ ಕವೆಯಂಥ ಭಾಗ ಜೋಡಿಸಿ, ಎರಡು ಕವೆಗಳ ನಡುವೆ ಕೂಡಿಸುವ ಚಿಹ್ನೆಯ ಆಕಾರದ ತುಂಡೊಂದನ್ನು ಇಡಬೇಕು. ಆಗ ಕೀಲು ಬಾಗಿದ್ದರೂ ತಿರುಗುತ್ತದೆ. ಇಂಥ ಕೀಲಿನ ಕಲ್ಪನೆ ಹುಕ್‌ಗಿಂತ ಹಿಂದಿನದು. ಹುಕ್ ಇದನ್ನು ದೂರದರ್ಶಕ ಮತ್ತು ಗಡಿಯಾರಗಳಲ್ಲಿ ಬಳಸಲು ಹೊರಟನು. 1676ರ ಪುಸ್ತಕದಲ್ಲಿ ಇದನ್ನು ಯೂನಿವರ್ಸಲ್ ಜಾಯಿಂಟ್ ಎಂದು ಕರೆದನು. ಹುಕ್‌ನ ಕೀಲು ಎಂಬ ಹೆಸರೂ ಇದಕ್ಕಿದೆ.

ಹುಕ್‌ನ ನಿಜವಾದ ಹಿರಿಮೆ ಇಲ್ಲಿದೆ. ಅವನಿಗಿಂತ ಮುಂಚೆ ಈ ಕೀಲನ್ನು ವಿವರಿಸಿದ್ದ ಗಾಸ್ಪರ್ ಶಾಟ್ ಎಂಬ ವಿದ್ವಾಂಸನು ಎರಡೂ ದಂಡಗಳು ಒಂದೇ ವೇಗದಲ್ಲಿ ತಿರುಗುತ್ತವೆ ಎಂದು ಭಾವಿಸಿದ್ದನು. ಹುಕ್ ಪರೀಕ್ಷಿಸಿ ನೋಡಿ, ಅದು ಹಾಗಲ್ಲ ಎಂದು ಕಂಡುಕೊಂಡನು. ಮೊದಲ ದಂಡ ಒಂದೇ ಸಮನೆ ತಿರುಗಿದರೂ ಎರಡನೆಯದು ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ ತಿರುಗುತ್ತದೆ.

ಇದೇಕೆ ಹೀಗೆ? ಒಂದು ಬಳೆಗೆ ಸಮಾನ ಅಂತರದಲ್ಲಿ 12 ಕಡೆ ಬಣ್ಣದ ದಾರ ಕಟ್ಟಿ. ನೇರವಾಗಿ ನೋಡಿದರೆ ಗಂಟುಗಳ ನಡುವಣ ಅಂತರ ಒಂದೇ. ಈಗ ಬಳೆಯನ್ನು ಓರೆ ಮಾಡಿ ನೋಡಿ. ಬಳೆ ಮೊಟ್ಟೆಯಾಕಾರವಾಗಿ ಕಾಣುತ್ತದೆ. ಎರಡು ತುದಿಗಳಲ್ಲಿ ಗಂಟುಗಳು ಒತ್ತೊತ್ತಾಗಿ, ನಡುವೆ ದೂರ ದೂರವಾಗಿ ಕಾಣುತ್ತವೆ. ಕೀಲಿನಲ್ಲಿಯೂ ಒಂದು ವೃತ್ತವು ತನಗೆ ಓರೆಯಾಗಿರುವ ಇನ್ನೊಂದು ವೃತ್ತದ ಜೊತೆ ಹೆಜ್ಜೆ ಹಾಕಬೇಕು. ಹಾಗಾಗಿ ಹೆಜ್ಜೆಗಳು ಸಮವಾಗಿ ಬೀಳುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಏರುತ್ತದೆ, ಎರಡು ಸಲ ಇಳಿಯುತ್ತದೆ.

ಎಷ್ಟು ಏರಿಳಿತ? ಮೊದಲ ದಂಡ ನಿಮಿಷಕ್ಕೆ 1000 ಸುತ್ತಿನ ವೇಗದಲ್ಲಿದೆ ಎನ್ನೋಣ. ಕೀಲು 10 ಡಿಗ್ರಿ ಬಾಗಿದ್ದರೆ ಎರಡನೆಯ ದಂಡದ ವೇಗ 985 ಮತ್ತು 1015ರ ನಡುವೆ ಓಲಾಡುತ್ತದೆ. 30 ಡಿಗ್ರಿ ಬಾಗಿದ್ದರೆ 866 ಮತ್ತು 1155ರ ನಡುವೆ! ಕೋನ ಹೆಚ್ಚಿದಂತೆ ಏರಿಳಿತವೂ ಹೆಚ್ಚು.

ಹುಕ್ ಈ ದೋಷವನ್ನು ಮುಚ್ಚಿಡಲಿಲ್ಲ. ನೆಲದ ಮೇಲಿಟ್ಟ ನೆರಳು ಗಡಿಯಾರದ ನೆರಳೂ ಹೀಗೆಯೇ ಏರುಪೇರಾಗಿ ಸರಿಯುತ್ತದೆ ಎಂದು ಗಮನಿಸಿ, ಆ ನೆರಳಿನ ಚಲನೆಯನ್ನು ತೋರಿಸಲು ಇದೇ ಕೀಲನ್ನು ಬಳಸಬಹುದೆಂದು ತೋರಿಸಿದನು. ಸಮವೇಗ ಬೇಕಾದಲ್ಲಿ ಏನು ಮಾಡಬೇಕು? ಅದಕ್ಕೂ ಅವನಲ್ಲಿ ಪರಿಹಾರವಿತ್ತು. ನಡುವೆ ಒಂದು ದಂಡವಿಟ್ಟು, ಅದರ ಎರಡು ತುದಿಗೂ ಒಂದೊಂದು ಕೀಲು ಹಾಕುವುದು! ಎರಡೂ ಕೀಲುಗಳು ಸಮಾನ ಕೋನದಲ್ಲಿ ಬಾಗಿದ್ದು, ನಡುದಂಡದ ಕವೆಗಳು ಸರಿಯಾಗಿ ಹೊಂದಿಕೊಂಡಿದ್ದರೆ, ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಸರಿಪಡಿಸುತ್ತದೆ.

ಲಾರಿಯಲ್ಲಿ ಹುಕ್

1703ರಲ್ಲಿ ಹುಕ್ ತೀರಿಕೊಂಡನು. ಸರಿಯಾಗಿ 200 ವರ್ಷಗಳ ಬಳಿಕ, 1903ರಲ್ಲಿ, ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಮೋಟಾರು ವಾಹನಕ್ಕೆ ಹೊಂದುವ ಯೂನಿವರ್ಸಲ್ ಜಾಯಿಂಟಿಗೆ ಪೇಟೆಂಟ್ ಪಡೆದನು. ಮುಂದೆ ಚೈನಿನ ಬದಲು ದಂಡದಿಂದ ಚಕ್ರ ತಿರುಗಿಸುವ ಕ್ರಮ ಹರಡಿತು.

ಲಾರಿಯ ಹಿಂದಿನ ಅಚ್ಚಿನ ನಡುವೆ ಉಬ್ಬಿದ ಗೇರಿನ ಪೆಟ್ಟಿಗೆಯೊಂದಿದೆ. ಅದರಿಂದ ಮೂತಿಯಂತೆ ಮುಂದಕ್ಕೆ ಚಾಚಿದ ಭಾಗಕ್ಕೆ ಪ್ರೊಪೆಲ್ಲರ್ ಶಾಫ್ಟ್ ಜೋಡಿಸಿರುತ್ತಾರೆ. ಗೇರ್ ಪೆಟ್ಟಿಗೆಯ ದಂಡವೂ ಈ ಮೂತಿಯೂ ಸಾಮಾನ್ಯವಾಗಿ ಸಮಾನಾಂತರವಾಗಿರುತ್ತವೆ. ಆಗ ಮುಂದಿನ ಕೀಲಿನ ಕೋನವೂ ಹಿಂದಿನ ಕೀಲಿನ ಕೋನವೂ ಸಮ. ಏರುಪೇರು ರದ್ದಾಗುತ್ತದೆ.

ಅಮೆರಿಕದಲ್ಲಿ ಕೆಲವರು ಅಂದಕ್ಕಾಗಿ ತಮ್ಮ ಪಿಕಪ್ ಟ್ರಕ್ಕುಗಳ ಹಿಂಭಾಗವನ್ನು ತಗ್ಗಿಸುತ್ತಾರೆ. ಸ್ಪ್ರಿಂಗಿನ ಕೆಳಗಿದ್ದ ಅಚ್ಚನ್ನು ಮೇಲಕ್ಕೆ ತಂದು ಕೂರಿಸುವುದು ಅದರ ಒಂದು ವಿಧಾನ. ಟ್ರಕ್ಕು ಕೆಲವು ಅಂಗುಲ ಕೆಳಗಿಳಿಯುತ್ತದೆ. ಆದರೆ ವೇಗವಾಗಿ ಓಡಿಸಿದಾಗ ಒಮ್ಮೊಮ್ಮೆ ನೆಲ, ಆಸನ ಎಲ್ಲ ಗಡಗಡ ನಡುಗತೊಡಗುತ್ತವೆ! ಹಾಗೆಯೇ ಬಿಟ್ಟರೆ ಕೀಲು ಸವೆದು ಮುರಿಯಬಹುದು. ಓಡುವ ವಾಹನದಿಂದ ದಂಡ ಕಳಚಿ ಬಿದ್ದರೆ ಪ್ರಾಣಕ್ಕೇ ಅಪಾಯ.

ನಡುಕ ಬಂದದ್ದೆಲ್ಲಿಂದ? ಟ್ರಕ್ಕಿನ ಮೈ ಕೆಳಗಿಳಿದಾಗ ಗೇರ್ ಪೆಟ್ಟಿಗೆಯೂ ಇಳಿಯುತ್ತದೆ, ಅಚ್ಚು ಇಳಿಯುವುದಿಲ್ಲ. ದಂಡದ ಓರೆ ಬದಲಾಗುತ್ತದೆ. ಜೊತೆಗೆ ಅಚ್ಚಿನ ಮೂತಿ ಸ್ವಲ್ಪ ಮೇಲಕ್ಕೋ ಕೆಳಕ್ಕೋ ವಾಲಿದರೆ ಎರಡು ಕೀಲುಗಳ ಕೋನಗಳು ಸಮವಾಗಿ ಉಳಿಯುವುದಿಲ್ಲ. ಮುಂದೆ 3 ಡಿಗ್ರಿ, ಹಿಂದೆ 8 ಡಿಗ್ರಿ ಆಯಿತೆನ್ನಿ. ಒಂದರ ಏರುಪೇರನ್ನು ಇನ್ನೊಂದು ಅಳಿಸಲಾರದು. ದಂಡದ ಪ್ರತಿ ಸುತ್ತಿಗೆ ಎರಡರಂತೆ ನಡುಕ ಹುಟ್ಟುತ್ತದೆ.

ಒಳ್ಳೆಯ ಮೆಕ್ಯಾನಿಕ್ ಮೊದಲು ಚಕ್ರಗಳನ್ನೂ, ಕೀಲುಗಳು ಸವೆದಿವೆಯೇ ಎಂಬುದನ್ನೂ ನೋಡುತ್ತಾನೆ. ಬಳಿಕ ಕೋನಮಾಪಕದಿಂದ ಗೇರ್ ಪೆಟ್ಟಿಗೆ, ದಂಡ, ಮೂತಿ ಮೂರರ ಓರೆಯನ್ನೂ ಅಳೆಯುತ್ತಾನೆ. ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ಉಕ್ಕಿನ ತೆಳು ಬೆಣೆ ಸೇರಿಸಿ ಮೂತಿಯನ್ನು ಬೇಕಾದಷ್ಟು ಡಿಗ್ರಿ ತಿರುಗಿಸುತ್ತಾನೆ. ಬೆಣೆಯ ದಪ್ಪ ತುದಿ ತಪ್ಪು ದಿಕ್ಕಿಗಿದ್ದರೆ ನಡುಕ ಇನ್ನೂ ಹೆಚ್ಚುತ್ತದೆ! ದಂಡವು ಎರಡು ತುಂಡುಗಳಲ್ಲಿದ್ದರೆ ನಡುವಿನ ಬೇರಿಂಗನ್ನೂ ಏರಿಸಿ ಇಳಿಸಿ ಹೊಂದಿಸಬೇಕು. ಕೋನಗಳು ಸಮವಾಗಿದ್ದರಷ್ಟೇ ಸಾಲದು, ಚಿಕ್ಕದಾಗಿಯೂ ಇರಬೇಕು. ಏಕೆಂದರೆ ಎರಡು ತುದಿಗಳ ಲೆಕ್ಕ ಸರಿಹೋದರೂ ನಡುವಿನ ದಂಡ ಮಾತ್ರ ಏರುಪೇರಾಗಿಯೇ ತಿರುಗುತ್ತಿರುತ್ತದೆ.

ನೋಡಿದಿರಾ? ಹುಕ್ ಅಳೆದ ಸ್ಪ್ರಿಂಗಿನ ಜಾಗ ಬದಲಿಸಿದರೆ ಹುಕ್ ಪರೀಕ್ಷಿಸಿದ ಕೀಲು ನಡುಗುತ್ತದೆ. ಅದನ್ನು ಸರಿಪಡಿಸುವುದೂ ಹುಕ್ ಕಂಡ ದಾರಿಯಿಂದಲೇ.

ಮರೆಯಾದ ಮುಖ

ಹುಕ್‌ನ ಕೊನೆಯ ದಿನಗಳು ಸುಖವಾಗಿರಲಿಲ್ಲ. ಬೆನ್ನು ಬಾಗಿತ್ತು, ಕಣ್ಣು ಮಂದವಾಗಿತ್ತು. ತನ್ನ ಕೆಲಸಕ್ಕೆ ತಕ್ಕ ಮನ್ನಣೆ ಸಿಗಲಿಲ್ಲವೆಂಬ ಕೊರಗು ಬೇರೆ. ಗಡಿಯಾರದ ಸ್ಪ್ರಿಂಗಿನ ವಿಷಯದಲ್ಲಿ ಹೈಗೆನ್ಸ್ ಜೊತೆ, ಗುರುತ್ವದ ವಿಷಯದಲ್ಲಿ ನ್ಯೂಟನ್ ಜೊತೆ ಜಗಳವಾಡಿದನು. 1703ರ ಮಾರ್ಚ್ 3ರಂದು ಲಂಡನ್ನಿನಲ್ಲಿ ತೀರಿಕೊಂಡನು. ಅದೇ ವರ್ಷ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದನು. ಇದು ಹುಕ್‌ನದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಭಾವಚಿತ್ರವೂ ಉಳಿದಿಲ್ಲ.

ಆದರೆ 2006ರಲ್ಲಿ ಇಂಗ್ಲೆಂಡಿನ ಮನೆಯೊಂದರ ಬೀರುವಿನಲ್ಲಿ ಅವನ ಕೈಬರಹದ ನೂರಾರು ಪುಟಗಳು ಸಿಕ್ಕವು. ರಾಯಲ್ ಸೊಸೈಟಿ ಅವನ್ನು ಕೊಂಡು ಕಾಪಾಡಿದೆ. ಮುಖ ಮರೆಯಾದರೂ ಕೆಲಸ ಮರೆಯಾಗಲಿಲ್ಲ. ದೋಷ ಕಂಡರೆ ಕಣ್ಣು ಮುಚ್ಚಬಾರದು, ಅಳೆಯಬೇಕು. ಅಳೆದರೆ ಪರಿಹಾರದ ದಾರಿ ಕಾಣುತ್ತದೆ ಎಂಬುದನ್ನು ಅವನ ಕೀಲು ನಮಗೆ ಕಲಿಸುತ್ತದೆ.

ಮಾಡಿ ನೋಡಿ

1. ನೋಟ್ ಪುಸ್ತಕದಲ್ಲಿ ಎರಡು ಸಮಾನಾಂತರ ರೇಖೆ ಎಳೆಯಿರಿ. ಒಂದು ಗೇರ್ ಪೆಟ್ಟಿಗೆಯ ದಂಡ, ಇನ್ನೊಂದು ಅಚ್ಚಿನ ಮೂತಿ. ಎರಡನ್ನೂ ಸೇರಿಸುವ ಓರೆ ರೇಖೆಯೇ ಪ್ರೊಪೆಲ್ಲರ್ ಶಾಫ್ಟ್.

2. ಪರ್ಯಾಯ ಕೋನಗಳನ್ನು ಕೋನಮಾಪಕದಿಂದ ಅಳೆಯಿರಿ. ಅವು ಸಮವೇ?

3. ಈಗ ಮೂತಿಯ ರೇಖೆಯನ್ನು 5 ಡಿಗ್ರಿ ವಾಲಿಸಿ ಮತ್ತೆ ಎಳೆಯಿರಿ. ಕೋನಗಳ ವ್ಯತ್ಯಾಸ ಎಷ್ಟು? ಸರಿಪಡಿಸಲು ಎಷ್ಟು ಡಿಗ್ರಿಯ ಬೆಣೆ ಬೇಕು?

ಎಚ್ಚರಿಕೆ: ನಿಂತ ವಾಹನದ ಅಡಿಗೆ ಎಂದೂ ನುಸುಳಬೇಡಿ. ತಿರುಗುವ ದಂಡದ ಹತ್ತಿರ ಹೋಗಬೇಡಿ.