ಪರೋಕ್ಷ ವಿನಯದ ಸಾಧಕ ಗಂಗರಾಜ

ಗುರುಹಿರಿಯರು ಎದುರಿಗೆ ಬಂದಾಗ ಎದ್ದು ನಿಲ್ಲುವುದು, ಕೈಮುಗಿಯುವುದು, ಅವರ ಮಾತನ್ನು ಶಿರಸಾವಹಿಸುವುದು ವಿನಯ. ಅವರು ಕಣ್ಣೆದುರು ಇಲ್ಲದಿರುವಾಗಲೂ ಮನ, ವಚನ, ಕಾಯಗಳಿಂದ ಅದೇ ಗೌರವವನ್ನು ಸಲ್ಲಿಸುವುದು ಪರೋಕ್ಷ ವಿನಯ. ಜೈನ ಶಾಸ್ತ್ರವು ವಿನಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿದೆ. ಸಂಸಾರದ ನಡುವೆ ಇರುವ ಗೃಹಸ್ಥನೂ ಈ ತಪಸ್ಸನ್ನು ಆಚರಿಸಬಲ್ಲನೆಂಬುದಕ್ಕೆ ಹೊಯ್ಸಳ ದಂಡನಾಯಕ ಗಂಗರಾಜನ ಜೀವನವೇ ನಿದರ್ಶನ.

ಏಚಿರಾಜ ಮತ್ತು ಪೋಚಿಕಬ್ಬೆಯರ ಮಗನಾದ ಗಂಗರಾಜನು ವಿಷ್ಣುವರ್ಧನನ ಬಲಗೈಯಂತಿದ್ದವನು. ಚೋಳರ ವಶದಲ್ಲಿದ್ದ ತಲಕಾಡನ್ನು ಗೆದ್ದು ಹೊಯ್ಸಳ ರಾಜ್ಯಕ್ಕೆ ಸೇರಿಸಿದ ಕೀರ್ತಿ ಅವನದು. ಕಣ್ಣೆಗಾಲದಲ್ಲಿ ಚಾಲುಕ್ಯ ಸೇನೆಯ ಮೇಲೆ ರಾತ್ರಿಯಲ್ಲಿ ಎರಗಿ ಅದನ್ನು ಹಿಮ್ಮೆಟ್ಟಿಸಿದನು. ಸಂತುಷ್ಟನಾದ ಅರಸನು ಬೇಕಾದುದನ್ನು ಕೇಳೆಂದಾಗ ಅವನು ತನಗಾಗಿ ಏನನ್ನೂ ಬಯಸಲಿಲ್ಲ. ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ತಾಯಿ ಪೋಚಿಕಬ್ಬೆ ಹಾಗೂ ಪತ್ನಿ ಲಕ್ಷ್ಮೀಮತಿಯರು ಕಟ್ಟಿಸಿದ ಜಿನಾಲಯಗಳ ಪೂಜೆಗೆಂದು ಸಮರ್ಪಿಸಿದನು.

ಅವನ ಧರ್ಮಶ್ರದ್ಧೆಗೆ ಎರಡು ಮೂಲಗಳಿದ್ದವು. ಒಂದು, ತೀರ್ಥಸ್ಥಾನಗಳಲ್ಲಿ ಬಸದಿಗಳನ್ನು ಮಾಡಿಸಿದ ತಾಯಿಯ ಮಡಿಲು; ಇನ್ನೊಂದು, ಗುರು ಶುಭಚಂದ್ರ ಸಿದ್ಧಾಂತದೇವರ ಪಾದಸನ್ನಿಧಿ. ಗಂಗವಾಡಿಯ ಬಸದಿಗಳನ್ನು ಜೀರ್ಣೋದ್ಧಾರಗೊಳಿಸಿದ, ಬೆಳಗೊಳದ ಗೊಮ್ಮಟೇಶ್ವರನಿಗೆ ಸುತ್ತಾಲಯವನ್ನು ಕಟ್ಟಿಸಿದ ಅವನ ಕೈಗಳ ಹಿಂದೆ ಈ ಇಬ್ಬರ ಸಂಸ್ಕಾರವಿತ್ತು. ಚಂದ್ರಗಿರಿಯ ಮೇಲಿರುವ, ಆದಿನಾಥ ಸ್ವಾಮಿಯ ಕತ್ತಲೆ ಬಸದಿಯು ತಾಯಿಗಾಗಿ ಅವನು ಕಟ್ಟಿಸಿದುದು.

1120ರ ಸುಮಾರಿನಲ್ಲಿ ಪೋಚಿಕಬ್ಬೆಯು ಸಲ್ಲೇಖನ ವ್ರತವನ್ನು ಸ್ವೀಕರಿಸಿ ಪಂಚನಮಸ್ಕಾರವನ್ನು ಉಚ್ಚರಿಸುತ್ತಾ ದೇಹವನ್ನು ತ್ಯಜಿಸಿದಳು. 1121ರ ಸುಮಾರಿಗೆ ಲಕ್ಷ್ಮೀಮತಿಯೂ ಸಮಾಧಿಮರಣವನ್ನಪ್ಪಿದಳು. 1123ರಲ್ಲಿ ಗುರು ಶುಭಚಂದ್ರದೇವರೂ ಸ್ವರ್ಗಸ್ಥರಾದರು. ಕೆಲವೇ ವರ್ಷಗಳಲ್ಲಿ ಜನ್ಮವಿತ್ತವಳು, ಜೊತೆ ನಡೆದವಳು, ದಾರಿ ತೋರಿದವರು ಮೂವರೂ ಅಗಲಿದರು. ಶತ್ರುಸೈನ್ಯವನ್ನು ತಡೆದು ನಿಲ್ಲಿಸಬಲ್ಲ ದಂಡನಾಯಕನೂ ಆಯುಷ್ಯಕರ್ಮದ ಮುಂದೆ ನಿರಾಯುಧನೇ ಸರಿ.

ಸಲ್ಲೇಖನವನ್ನು ಕೈಗೊಳ್ಳುವವರು ಮೊದಲು ಬಂಧುಗಳ ಮೇಲಿನ ಸ್ನೇಹವನ್ನೂ ಹಗೆಯನ್ನೂ ತೊರೆದು, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದಲೂ ಕ್ಷಮೆ ಬೇಡಬೇಕು. ಹಾಗೆ ಮಮತೆಯನ್ನು ಬಿಟ್ಟು ಹೊರಟ ಆತ್ಮವನ್ನು ಉಳಿದವರ ಕಣ್ಣೀರು ಹಿಂದಕ್ಕೆ ಎಳೆಯಬಾರದು. ಅಗಲಿದ ಜೀವವು ತಾನು ಗಳಿಸಿದ ಕರ್ಮದ ಫಲವನ್ನು ತಾನೇ ಅನುಭವಿಸುತ್ತದೆ. ಇಲ್ಲಿಂದ ಕಳುಹಿಸಬಹುದಾದುದು ಯಾವುದೂ ಅದನ್ನು ಮುಟ್ಟಲಾರದು. ಹಾಗಾದರೆ ಸ್ಮರಣೆಯಿಂದ ಆಗುವ ಪ್ರಯೋಜನವೇನು? ಅದರ ಫಲ ಸ್ಮರಿಸುವವನಿಗೇ ಸೇರಿದ್ದು. ಗುಣವಂತರ ಗುಣಗಳನ್ನು ನೆನೆಯುವ ಮನಸ್ಸು ನಿಧಾನವಾಗಿ ಆ ಗುಣಗಳತ್ತ ತಿರುಗುತ್ತದೆ. ಶೋಕವು ಕರಗಿ ಶ್ರದ್ಧೆಯಾಗುತ್ತದೆ.

ಗಂಗರಾಜನು ಹಿಡಿದದ್ದು ಈ ದಾರಿಯನ್ನೇ. ತಾಯಿಯ ಸಮಾಧಿಮರಣವನ್ನು ಚಂದ್ರಗಿರಿಯಲ್ಲಿ ಶಿಲೆಯ ಮೇಲೆ ಬರೆಯಿಸಿದನು. ಗುರುವಿನ ಸ್ಮರಣೆಗಾಗಿಯೂ ನಿಷಿಧಿಯನ್ನು ನಿಲ್ಲಿಸಿದನು. ಅರಸನ ಸೇವೆಯಲ್ಲಿ ಗಳಿಸಿದ ಕೀರ್ತಿಯ ನಡುವೆಯೂ ತಾನು ಪೋಚಿಕಬ್ಬೆಯ ಮಗ, ಶುಭಚಂದ್ರದೇವರ ಗುಡ್ಡ ಎಂಬುದನ್ನು ಮರೆಯಲಿಲ್ಲ. ಗುಡ್ಡ ಎಂದರೆ ಗೃಹಸ್ಥ ಶಿಷ್ಯ.

ತಂದೆತಾಯಿಗಳು ಮಾಡಿದ್ದನ್ನು ಮಕ್ಕಳು ನೋಡಿ ಕಲಿಯುತ್ತಾರೆ. ಗಂಗರಾಜನು ತೀರಿಕೊಂಡಾಗ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. 1133ರಲ್ಲಿ ಪ್ರತಿಷ್ಠೆಗೊಂಡ ಅದಕ್ಕೆ ತಂದೆಯ ಬಿರುದಿನಿಂದಲೇ ದ್ರೋಹಘರಟ್ಟ ಜಿನಾಲಯವೆಂಬ ಹೆಸರಾಯಿತು. ಇಂದಿನ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಆ ಬಸದಿ ಈಗಲೂ ಇದೆ. ಅಜ್ಜಿಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹರಿದುಬಂದದ್ದು ಸಂಪತ್ತಿಗಿಂತ ಮಿಗಿಲಾಗಿ ಕೃತಜ್ಞತೆ.

ಎಲ್ಲರಿಗೂ ಬಸದಿಯನ್ನು ಕಟ್ಟಿಸುವ ಶಕ್ತಿ ಇರಲಾರದು. ಆದರೆ ಅಗಲಿದ ಹಿರಿಯರು ಪಾಲಿಸಿದ ಒಂದು ವ್ರತವನ್ನು ಮುಂದುವರಿಸುವುದು, ಅವರ ಹೆಸರಿನಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಒಂದನ್ನು ಯಥಾಶಕ್ತಿ ಮಾಡುವುದು ಯಾರಿಗೂ ಅಸಾಧ್ಯವಲ್ಲ. ಅದೇ ಅವರಿಗೆ ಸಲ್ಲುವ ಪರೋಕ್ಷ ವಿನಯ.