ಹರಳು, ಗೋಳ, ಸಮೀಕರಣ: ಕನ್ನಡ ನೆಲದ ಗಣಿತಜ್ಞ ಮಹಾವೀರಾಚಾರ್ಯ

ಗಡಹಿಂಗ್ಲಜ್ ತಾಲೂಕಿನ ಹಲಕರ್ಣಿ ಇವತ್ತು ಮಹಾರಾಷ್ಟ್ರದ ಗಡಿ ಊರು. 9ನೇ ಶತಮಾನದಲ್ಲಿ ಈ ಕೊಲ್ಲಾಪುರ ಸೀಮೆಯೂ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟರದ್ದೇ ಆಗಿತ್ತು. ಅರಬ್ ವ್ಯಾಪಾರಿಗಳು ಈ ಅರಸರನ್ನು 'ಬಲ್ಹರಾ' ಅಂತ ಕರೆದು, ತಮಗೆ ಬೇಕಾದವರೆಂದು ಹೊಗಳಿದ್ದಾರೆ.

ಆ ವಂಶದ ಅಮೋಘವರ್ಷ ನೃಪತುಂಗನ ಕಾಲದವರು ಜೈನ ಗಣಿತಜ್ಞ ಮಹಾವೀರಾಚಾರ್ಯರು. ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬೀಜಗಣಿತ ಬರೆದದ್ದೂ ಅದೇ ಶತಮಾನದಲ್ಲಿ. ಮಹಾವೀರಾಚಾರ್ಯರ ಮನೆತನ, ಬಾಲ್ಯದ ಬಗ್ಗೆ ವಿವರ ಉಳಿದಿಲ್ಲ. ಉಳಿದದ್ದು ಸುಮಾರು 850ರ ಸಂಸ್ಕೃತ ಕೃತಿ 'ಗಣಿತಸಾರಸಂಗ್ರಹ' ಮಾತ್ರ. ಅದುವರೆಗೆ ಲೆಕ್ಕವೆಂದರೆ ಹೆಚ್ಚಾಗಿ ಖಗೋಳ ಗ್ರಂಥದ ಒಂದು ಅಧ್ಯಾಯ. ಇವರು ಗಣಿತಕ್ಕೇ ಇಡೀ ಪುಸ್ತಕ ಮೀಸಲಿಟ್ಟರು. ಬಡ್ಡಿ, ಪಾಲುದಾರಿಕೆ, ಚಿನ್ನದ ಬೆರಕೆ, ಗುಂಡಿ ತೋಡುವ ಅಳತೆ ಎಲ್ಲವೂ ಅದರಲ್ಲುಂಟು.

ಹರಳು ವ್ಯಾಪಾರದ ಅವರ ಒಂದು ಲೆಕ್ಕ ನೋಡಿ. ಒಬ್ಬನಲ್ಲಿ 16 ನೀಲ, ಇನ್ನೊಬ್ಬನಲ್ಲಿ 10 ಪಚ್ಚೆ, ಮತ್ತೊಬ್ಬನಲ್ಲಿ 8 ವಜ್ರ. ಪ್ರತಿಯೊಬ್ಬನೂ ಉಳಿದ ಇಬ್ಬರಿಗೆ ತನ್ನ ಹರಳು ಎರಡೆರಡು ಕೊಟ್ಟಾಗ ಮೂವರ ಆಸ್ತಿಯೂ ಸಮವಾಯಿತು. ಹಾಗಾದರೆ ಬೆಲೆ ಎಷ್ಟು? ಈಗ ಮೂವರಲ್ಲೂ ಪ್ರತಿ ಬಗೆಯ ಹರಳು ಕನಿಷ್ಠ ಎರಡಿವೆ. ಅವನ್ನು ಬದಿಗಿಟ್ಟರೆ ಉಳಿಯುವುದು 10 ನೀಲ, 4 ಪಚ್ಚೆ, 2 ವಜ್ರ. ಮೂರೂ ಸಮ ಬೆಲೆಯವು. ಅಂದರೆ ನೀಲ 2 ಆದರೆ ಪಚ್ಚೆ 5, ವಜ್ರ 10. ತಕ್ಕಡಿ ಮುಟ್ಟದೆ ಸಮೀಕರಣದಿಂದಲೇ ಬೆಲೆಯ ಪ್ರಮಾಣ ಸಿಕ್ಕಿತು.

ಗೋಳದ ಗಾತ್ರಕ್ಕೂ ಅವರು ಎರಡು ಸೂತ್ರ ಕೊಟ್ಟರು. ಅರ್ಧ ವ್ಯಾಸದ ಘನವನ್ನು ನಾಲ್ಕೂವರೆಯಿಂದ ಗುಣಿಸುವುದು ಒರಟು ಲೆಕ್ಕ. ಅದರ ಹತ್ತರಲ್ಲಿ ಒಂಬತ್ತು ಪಾಲು ಸೂಕ್ಷ್ಮ ಲೆಕ್ಕ. ಇದು 4.05 ಪಟ್ಟು ಆಗುತ್ತದೆ. ಇಂದಿನ ಲೆಕ್ಕದಲ್ಲಿ ಸುಮಾರು 4.19. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಸ್ಪಷ್ಟವಾಗಿ ಹೇಳಿದರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ತಪ್ಪು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ನಕಲು ಮಾಡಿ ಕಾಪಾಡಿದ ಕೈಗಳಿಲ್ಲದಿದ್ದರೆ ಪುಸ್ತಕದ ಜೊತೆ ಆ ಹೆಸರೂ ಅಳಿಯುತ್ತಿತ್ತು. ಗಡಿಗಳು ಬದಲಾದವು, ಅರಸರು ಹೋದರು. ಪಾಲು ಹಂಚುವಾಗ ಯಾರಿಗೂ ಮೋಸ ಆಗಬಾರದೆಂಬ ಆ ಲೆಕ್ಕ ಮಾತ್ರ ಇಂದಿಗೂ ಅಂಗಡಿಯ ಗಲ್ಲಾದಲ್ಲಿ ಬೇಕೇ ಬೇಕು.